ಮೈಯನ್ನು ಮಾತಾಡಿಸುತ್ತಿದ್ದಾಕೆ

ಹೋದ ತಿಂಗಳು ತೆಲಂಗಾಣದ ಗಡಿ ಊರಾದ ಮಕ್ತಲ್‌ನಲ್ಲಿ ಆಕೆಗೊಂದು ಶ್ರದ್ಧಾಂಜಲಿ ಸಭೆ ಮಾಡಿದರು. ಬ್ಯಾನರಿನಲ್ಲಿ ಫೋಟೋದ ಕೆಳಗೆ ‘ಯೋಗ ಗುರು’ ಎಂದು ಅಚ್ಚು ಹಾಕಿಸಿದ್ದರು. ಒಬ್ಬರು ಎದ್ದು ನಿಂತು, ಮೇಡಂ ಹೇಳಿಕೊಟ್ಟ ಪ್ರಾಣಾಯಾಮದಿಂದ ತಮ್ಮ ಬಿಪಿ ಇಳಿಯಿತು ಎಂದರು. ಇನ್ನೊಬ್ಬರು ಆಕೆಯನ್ನು ಬ್ರಹ್ಮಚಾರಿಣಿ ಎಂದು ಹೊಗಳಿದರು. ನಾನು ಹಿಂದಿನ ಸಾಲಿನಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಆಕೆ ಯೋಗ ಟೀಚರ್ ಆಗಿರಲಿಲ್ಲ. ಆಕೆಗೆ ಪದ್ಮಾಸನ ಹಾಕಲು ಬರುತ್ತಿರಲಿಲ್ಲ. ದಪ್ಪ ಮೈ, ಅಗಲ ಪಾದ, ಮೆಟ್ಟಿಲು ಹತ್ತಿ ಬಂದರೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಏದುಸಿರು ಬಿಡುತ್ತಿದ್ದರು. ಆಕೆ ಮಾಡುತ್ತಿದ್ದದ್ದು ದೇಹದ ಮೂಲಕ ಮನಸ್ಸಿಗೆ ಕೊಡುವ ಚಿಕಿತ್ಸೆ. ಅದರಲ್ಲೂ ಆಕೆಯ ಹತ್ತಿರ ಬರುತ್ತಿದ್ದವರ ಕಷ್ಟ ಹೆಚ್ಚಾಗಿ ಗಂಡ ಹೆಂಡಿರ ನಡುವಿನದು, ಹಾಸಿಗೆಯದು, ಯಾರಿಗೂ ಹೇಳಲಾಗದ್ದು. ಸಭೆಯಲ್ಲಿದ್ದವರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಅವರಲ್ಲಿ ಕೆಲವರು ಆಕೆಯ ಕೋಣೆಯ ಚಾಪೆಯ ಮೇಲೆ ಕೂತು ಅತ್ತವರೇ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ನಾನು ಫಿಸಿಯೋಥೆರಪಿಸ್ಟ್. ಮಕ್ತಲ್ ಬಸ್‌ಸ್ಟ್ಯಾಂಡಿನ ಹಿಂದೆ ಬೀಜ–ಗೊಬ್ಬರದ ಅಂಗಡಿಯ ಮೇಲೆ ಎರಡು ಕೋಣೆ ಹಿಡಿದಿದ್ದೇನೆ. ಒಂದರಲ್ಲಿ ನನ್ನ ಯಂತ್ರಗಳು, ಇನ್ನೊಂದು ಖಾಲಿ ಬಿದ್ದಿತ್ತು. ಆಕೆ ಒಂದು ದಿನ ಮೇಲೆ ಬಂದು, ಉಸಿರು ಸುಧಾರಿಸಿಕೊಂಡು, “ಈ ಖೋಲಿ ನನಗ ಕೊಡ್ರಿ” ಎಂದರು. ಅಲಂಪುರದ ಪೂಜಾರಿ ಮನೆತನದವರು. ಊರು ಬಿಟ್ಟು ನಗರದ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದರು, ಪುಣೆಯಲ್ಲಿ ಯಾರ ಬಳಿಯೋ ಈ ವಿದ್ಯೆ ಕಲಿತಿದ್ದರು, ಐವತ್ತು ದಾಟಿದ ಮೇಲೆ ಈ ಕಡೆಗೇ ತಿರುಗಿ ಬಂದಿದ್ದರು. ಯಾಕೆ ಬಂದಿರಿ ಎಂದು ಕೇಳಿದೆ. “ನಮ್ಮನಿಯೊಳಗ ನಾನು ಮೊದಲು ಕಲತ ಮಾತು ಅವ್ವ ಅಲ್ಲ, ಅಪ್ಪ ಅಲ್ಲ. ‘ಮುಟ್ಟಬ್ಯಾಡ.’ ಮಡಿಯಾಗದೀವಿ, ಮುಟ್ಟಬ್ಯಾಡ. ಆ ಮಾತು ಕಲಿಸಿದ ಸೀಮಿಗೇ ಬಂದು ಏನರ ಮಾಡಬೇಕನಿಸ್ತು” ಎಂದರು. ಮದುವೆ ಯಾಕೆ ಆಗಲಿಲ್ಲ ಎಂಬುದನ್ನು ನಾನು ಕೇಳಲಿಲ್ಲ, ಆಕೆ ಹೇಳಲಿಲ್ಲ.

ಹೊರಗೆ ಬೋರ್ಡು ಬರೆಸುವಾಗಲೇ ನಮ್ಮಿಬ್ಬರಿಗೆ ಮೊದಲ ಜಗಳ. ನಾನು ‘ಬೆನ್ನು, ಕುತ್ತಿಗೆ, ನಿದ್ರೆಯ ತೊಂದರೆ’ ಎಂದು ಹಾಕಿಸೋಣ ಎಂದೆ. ಆಕೆ ‘ದಾಂಪತ್ಯ ಮತ್ತು ಲೈಂಗಿಕ ತೊಂದರೆಗಳಿಗೆ ದೇಹ–ಮನೋಚಿಕಿತ್ಸೆ’ ಎಂದು ಬರೆಸಿದರು. ಕನ್ನಡದಲ್ಲೂ ತೆಲುಗಿನಲ್ಲೂ. ಗೊಬ್ಬರದಂಗಡಿಯ ಮಾಲೀಕ ಬೋರ್ಡನ್ನು ರಸ್ತೆಯ ಕಡೆ ತೂಗುಹಾಕಲು ಬಿಡಲಿಲ್ಲ. ಮೆಟ್ಟಿಲಿನ ಕತ್ತಲೆಯೊಳಗೆ ಅದನ್ನು ಹಾಕಿದೆವು. ಅಲ್ಲಿಯೂ ಯಾರೋ ಗೀಚಿ ಕೆಟ್ಟ ಮಾತು ಬರೆದರು. ಆಕೆ ಅದನ್ನು ಓದಿ, “ನೋಡ್ರಿ, ಈ ಶಬ್ದ ಬೈಗಳದಾಗ ಐತಿ, ಪುರಾಣದಾಗ ಬ್ಯಾರೆ ಹೆಸರಿನ್ಯಾಗ ಐತಿ. ಮನ್ಯಾಗ ಗಂಡ ಹೆಂಡತಿ ಕೂತು ಮಾತಾಡಾಕ ಮಾತ್ರ ಒಂದೂ ಶಬ್ದಿಲ್ಲ. ‘ಅದು’ ಅಂತಾರ. ಎಲ್ಲಾನೂ ಅದು!” ಎಂದು ಸೆರಗಿನಿಂದ ಒರೆಸಿದರು.

ಕೋಣೆಯೊಳಗೆ ಆಕೆಗಿದ್ದ ತಾಳ್ಮೆ ಹೊರಗೆ ಇರುತ್ತಿರಲಿಲ್ಲ. ಬಸ್ಸು ತಡವಾದರೆ ಕಂಡಕ್ಟರನೊಂದಿಗೆ ಜಗಳ. ಚಹಾ ತಣ್ಣಗಾದರೆ ಕೆಳಗಿನ ಹೋಟೆಲಿನವನಿಗೆ ಬೈಗಳು. ಆದರೆ ಒಳಗೆ ಚಾಪೆಯ ಮೇಲೆ ಒಬ್ಬರು ಬಂದು ಕೂತರೆ, ಅವರು ಬಾಯಿ ಬಿಡುವವರೆಗೆ ಎಷ್ಟು ಹೊತ್ತಾದರೂ ಸುಮ್ಮನಿರುತ್ತಿದ್ದರು. ಅವರ ಭುಜ, ದವಡೆ, ಹೊಟ್ಟೆಯ ಏರಿಳಿತ ನೋಡುತ್ತಿದ್ದರು. ಕೇಳದೆ ಯಾರನ್ನೂ ಮುಟ್ಟುತ್ತಿರಲಿಲ್ಲ. “ಕೈ ಇಡ್ಲೇನ್ರಿ?” ಎಂದು ಕೇಳಿ, ಹೂಂ ಎಂದ ಮೇಲೂ ಒಂದು ಕ್ಷಣ ತಡೆದು, ಬೆನ್ನ ಮೇಲೆ ಅಂಗೈ ಇಡುತ್ತಿದ್ದರು.

ಮರಿಕಲ್ ಕಡೆಯ ಒಬ್ಬ ಹೆಣ್ಣುಮಗಳು ದವಡೆ ನೋವೆಂದು ನನ್ನ ಹತ್ತಿರ ಬಂದಿದ್ದಳು. ಮದುವೆಯಾಗಿ ಕೆಲವು ವರ್ಷವಾಗಿತ್ತು. ಗಂಡ ಕೋಣೆಗೆ ಬಂದರೆ ಸಾಕು, ಅವಳ ಉಸಿರು ನಿಂತು ಹಲ್ಲು ಬಿಗಿಯುತ್ತಿತ್ತು. ನಾನು ಆಕೆಯ ಕೋಣೆಗೆ ಕಳಿಸಿದೆ. ವಾರಗಟ್ಟಲೆ ಗೋಡೆಗೆ ಎರಡೂ ಕೈ ಒತ್ತಿ, ಹೊಟ್ಟೆಯಿಂದ ದನಿ ತೆಗೆದು “ಬ್ಯಾಡ” ಎಂದು ಹೇಳುವುದನ್ನು ಕಲಿಸಿದರು. ಮೊದಲು ಇಲಿಯ ದನಿ. ಆಮೇಲೆ ನನ್ನ ರೋಗಿಗಳು ಬೆಚ್ಚಿಬೀಳುವಷ್ಟು ಜೋರು. ಗಂಡ ಬಂದು ತಕರಾರು ತೆಗೆದ: “ನೀವು ಕಲಸಿದ್ದು ಇದೇನ್ರಿ? ಈಗ ಮನ್ಯಾಗೂ ಬ್ಯಾಡ ಅಂತಾಳ.”

“ಬ್ಯಾಡ ಅನ್ನಾಕ ಬಂದ ಬಾಯಿಗೇ ಹೂಂ ಅನ್ನಾಕೂ ಬರತೈತಿ. ಇಷ್ಟು ದಿನ ಎರಡೂ ಇದ್ದಿದ್ದಿಲ್ಲ. ಜರಾ ತಡೀರಿ” ಎಂದರು ಆಕೆ.

ಅವನು ತಡೆಯಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಹೋದವನು ಮತ್ತೆ ಕಳಿಸಲಿಲ್ಲ. ಅವಳು ಏನಾದಳೋ ಗೊತ್ತಿಲ್ಲ. ಇಂಥವು ಬಹಳ. ಅರ್ಧಕ್ಕೆ ಎದ್ದು ಹೋದವರ ಬಗ್ಗೆ ಆಕೆ ಸಂಜೆ ಕಿಟಕಿಯ ಹತ್ತಿರ ಕೂತು ಏಲಕ್ಕಿ ಜಗಿಯುತ್ತ, “ಹುಟ್ಟಿದಾಗ ತಾಯಿ ಎದಿ ಮ್ಯಾಲೆ ಮಲಗಿ ಮೈ ನೆಮ್ಮದಿ ಕಲೀತೈತಿ. ಬೆಳ್ಯಾಕ ಹತ್ತಿದ್ರ ನಾಚಿಕಿ ಕಲಸ್ತೀವಿ. ಮದುವಿ ಆದ ರಾತ್ರಿ ನಾಚಿಕಿ ಬಿಡು ಅಂತೀವಿ. ಮುದುಕರಾದ ಮ್ಯಾಲೆ ಮೈಯನ್ನೇ ಬಿಡು ಅಂತೀವಿ. ಅದು ಹೆಂಗ ತಾಳ್ತೈತ್ರಿ?” ಎನ್ನುತ್ತಿದ್ದರು. ಇದನ್ನೆಲ್ಲ ಬರೆದಿಡಿ, ಯಾರಾದರೂ ಒಬ್ಬ ಹುಡುಗಿಯನ್ನು ಜೊತೆಗಿಟ್ಟುಕೊಂಡು ಕಲಿಸಿ ಎಂದು ನಾನು ಬೆನ್ನು ಹತ್ತುತ್ತಿದ್ದೆ. “ಬರದ್ರ ಓದ್ತಾರ. ಓದಿದ್ರ ತಿಳೀತು ಅನಕೋತಾರ” ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು. ಈ ಹಟ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಒಬ್ಬರಿಗಾದರೂ ಕಲಿಸಬಹುದಿತ್ತು.

ಮಕ್ಕಳ ವಿಷಯದಲ್ಲಿ ಮಾತ್ರ ಆಕೆ ಕೋಣೆಯ ಹೊರಗೂ ಬಾಯಿ ಹಾಕುತ್ತಿದ್ದರು. ನನ್ನ ಬೆಂಚಿನ ಮೇಲೆ ಕೂತಿದ್ದ ತಾಯಿಯೊಬ್ಬಳನ್ನು ಅವಳ ಪುಟ್ಟ ಮಗ, ಮನೆಯಲ್ಲಿ ಹುಟ್ಟಿದ ತಂಗಿ ಎಲ್ಲಿಂದ ಬಂದಳು ಎಂದು ಕೇಳಿದ. ತಾಯಿ ಎಲ್ಲರೆದುರು ಅವನ ಕೆನ್ನೆಗೆ ಬಾರಿಸಿದಳು. ಆಕೆ ಒಳಗಿನಿಂದ ಬಂದು, “ಅವಗ ಉತ್ತರ ಸಿಕ್ತು ಬಿಡವ್ವ. ಕೆನ್ನಿ ಮ್ಯಾಲೆ ಕೊಟ್ಟೀಯಲ್ಲ, ಸಾಯೋತನ ಮರ್ಯಂಗಿಲ್ಲ” ಎಂದರು. ಆ ತಾಯಿ ಎದ್ದು ಹೋದಳು. ನನ್ನ ರೋಗಿ ಅವಳು. ಅವಳ ಭುಜದ ಚಿಕಿತ್ಸೆ ಇನ್ನೂ ಅರ್ಧದಲ್ಲಿತ್ತು.

ಈಗ ಒಂದು ಮುದಿ ಜೋಡಿಯ ಕತೆ ಹೇಳಬೇಕು. ಆಕೆಯ ಮೇಲೆ ನನಗಿರುವ ಸಿಟ್ಟೂ ಗೌರವವೂ ಅದರಲ್ಲೇ ಇವೆ.

ಗದ್ವಾಲದಿಂದ ಒಬ್ಬ ಹಿರಿಯ ನೇಕಾರರು ನನ್ನ ಹತ್ತಿರ ಬರುತ್ತಿದ್ದರು. ಲಘುವಾಗಿ ಲಕ್ವ ಹೊಡೆದು ಎಡಗೈ ಸೋತಿತ್ತು. ನಾರಾಯಣಪೇಟದಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಸೀರೆ ನೇಯ್ದು ಎರಡು ಗಂಡುಮಕ್ಕಳನ್ನು ಬೆಳೆಸಿದ್ದರು. ಗಂಡ ಮಗ್ಗದ ಗುಂಡಿಯಲ್ಲಿ, ಹೆಂಡತಿ ಪಕ್ಕದಲ್ಲೇ ನೂಲು ಸುತ್ತುತ್ತ. ಮಗ್ಗ ನಿಂತ ಮೇಲೆ ಮಕ್ಕಳು ತಂದೆ ತಾಯಿಯನ್ನು ಹಂಚಿಕೊಂಡರು. ಹಿರಿಯ ಮಗನಿಗೆ ಗದ್ವಾಲದಲ್ಲಿ ಸೀರೆ ಅಂಗಡಿ, ಅಲ್ಲಿ ಗಲ್ಲಾದ ಹತ್ತಿರ ಕೂಡಲು ಅಪ್ಪ ಬೇಕು. ಕಿರಿಯವನಿಗೆ ನಾರಾಯಣಪೇಟದಲ್ಲಿ ಸಣ್ಣ ಮಕ್ಕಳು, ನೋಡಿಕೊಳ್ಳಲು ಅವ್ವ ಬೇಕು. ಯಾರೂ ಕೆಟ್ಟವರಲ್ಲ. ಇಬ್ಬರೂ ಹೊಟ್ಟೆ ತುಂಬ ಊಟ, ಹೊತ್ತಿಗೆ ಸರಿಯಾಗಿ ಔಷಧಿ ಕೊಡುತ್ತಿದ್ದರು. ಹಬ್ಬಕ್ಕೆ ಎಲ್ಲರೂ ಸೇರುತ್ತಿದ್ದರು.

ನನ್ನ ಯಾವ ವ್ಯಾಯಾಮಕ್ಕೂ ಆ ಕೈ ಬಗ್ಗಲಿಲ್ಲ. ನರಗಳಲ್ಲಿ ಬಲ ಬರುತ್ತಿತ್ತು, ಆದರೆ ಅವರೇ ಆ ಕೈಯನ್ನು ಬಳಸುತ್ತಿರಲಿಲ್ಲ. ತೊಡೆಯ ಮೇಲೆ ಯಾರದೋ ಸಾಮಾನಿನಂತೆ ಇಟ್ಟುಕೊಂಡು ಕೂತಿರುತ್ತಿದ್ದರು. ಬೇಸತ್ತು ಪಕ್ಕದ ಕೋಣೆಗೆ ಕರೆದೊಯ್ದೆ. ಅಂದು ನಾನೂ ಒಳಗೇ ಕೂತಿದ್ದೆ.

ಆಕೆ ಬಹಳ ಹೊತ್ತು ನೋಡಿ, “ಎಲ್ಲಿ ಮಲಗ್ತೀರಿ?” ಎಂದರು.

“ಅಂಗಡಿ ಹಿಂದಿನ ಖೋಲ್ಯಾಗರಿ.”

“ಯಾರ ಜೋಡಿ?”

ಮುದುಕರು ನಕ್ಕರು. “ಸೀರಿ ಗಂಟು ಜೋಡಿ.”

“ಮೊದಲು ಈ ಕೈ ಎಲ್ಲಿರ್ತಿತ್ರಿ, ಮಲಗಿದಾಗ?”

ಅವರು ಬಲಗೈಯಿಂದ ಎಡಗೈಯನ್ನು ಎತ್ತಿ ಮತ್ತೆ ತೊಡೆಯ ಮೇಲಿಟ್ಟುಕೊಂಡರು. “ಆಕಿ ಹೊಟ್ಟಿ ಮ್ಯಾಲರಿ. ಆಕಿ ಉಸಿರಾಡಿದಂಗ ಏರಿಳೀತಿತ್ತು. ಈಗ ಅದನ್ನ ಎಲ್ಲಿಡಬೇಕು ತಿಳ್ಯಂಗಿಲ್ಲ” ಎಂದರು. ಆ ವಯಸ್ಸಿನ ಮನುಷ್ಯ ಕಿವಿಯವರೆಗೆ ಕೆಂಪಾಗಿದ್ದರು.

ಹೆಂಡತಿಯನ್ನು ಕರೆಸಿದೆವು. ಮೊಣಕಾಲಿನ ಚಿಕಿತ್ಸೆಗೆ ಎಂದು ಮನೆಯಲ್ಲಿ ಹೇಳುವಂತೆ ಸೂಚಿಸಿದವನು ನಾನು. ನಾರಾಯಣಪೇಟದಿಂದ ಅವರು, ಗದ್ವಾಲದಿಂದ ಇವರು, ಗುರುವಾರಕ್ಕೊಮ್ಮೆ ಮಕ್ತಲ್‌ನಲ್ಲಿ ಬಸ್ಸಿಳಿಯುತ್ತಿದ್ದರು. ಆಕೆ ಇಬ್ಬರನ್ನೂ ಬೆನ್ನಿಗೆ ಬೆನ್ನು ಕೊಟ್ಟು ಚಾಪೆಯ ಮೇಲೆ ಕೂಡಿಸುತ್ತಿದ್ದರು. ಉಸಿರಿಗೆ ಉಸಿರು ಕೂಡುವ ತನಕ ಸುಮ್ಮನೆ ಕೂಡುವುದು. ಆಮೇಲೆ ಮುದುಕಿ ಗಂಡನ ಸೋತ ಕೈಯನ್ನು ತನ್ನೆರಡು ಕೈಯೊಳಗೆ ತಗೊಂಡು ತಿಕ್ಕುವುದು. ಆಮೇಲೆ ಆಕೆ ಬಾಗಿಲು ಮುಂದೆ ಮಾಡಿ ಹೊರಗೆ ಬಂದು ನನ್ನ ಬೆಂಚಿನ ಮೇಲೆ ಕೂತುಬಿಡುತ್ತಿದ್ದರು. ಒಳಗಿನಿಂದ ಮಾತು, ನಗು, ಒಮ್ಮೊಮ್ಮೆ ಜಗಳ ಕೇಳುತ್ತಿತ್ತು. ಚಿಕಿತ್ಸೆ ಇಷ್ಟೇನಾ ಎಂದು ಕೇಳಿದೆ. “ಇಷ್ಟ ನೋಡ್ರಿ. ಇಬ್ಬರು ಮಲಗಾಕ ಒಂದು ಜಾಗ ಇಲ್ಲದಂಗ ಮಾಡಿಟ್ಟು, ಮುಪ್ಪಿನ್ಯಾಗ ಆಸೆ ಇರಂಗಿಲ್ಲ ಅಂತಾರ. ಇರಂಗಿಲ್ಲ ಅಂದವರು ಯಾರು? ಕೇಳ್ಯಾರೇನು ಅವರನ್ನ?”

ಮುದುಕರ ಬೆರಳುಗಳು ಮಡಚತೊಡಗಿದವು. ನನ್ನ ವಿದ್ಯೆಗೆ ಬಗ್ಗದಿದ್ದ ಕೈ. ನಾನದನ್ನು ಪವಾಡವೆನ್ನುವುದಿಲ್ಲ. ಬಳಸಬೇಕೆನ್ನಿಸಿದ ಕೈಯನ್ನು ಮನುಷ್ಯ ಬಳಸುತ್ತಾನೆ, ಅಷ್ಟೆ.

ಹೀಗಿರುವಾಗ ಹಿರಿಯ ಮಗ ಬಂದ. ಯಾರೋ ಗಿರಾಕಿಗಳು ಇವನ ತಂದೆ ತಾಯಿ ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಬಾಳೆಎಲೆಯಲ್ಲಿ ಮಿರ್ಚಿ ಭಜಿ ತಿನ್ನುತ್ತ ಕೂತಿದ್ದನ್ನು ನೋಡಿ ಹೇಳಿದ್ದರು. ಅವನು ಮರ್ಯಾದಸ್ಥ, ಮೆತ್ತಗಿನ ಮಾತಿನವನು. ನನ್ನೆದುರು ನಿಂತು, “ಅಪ್ಪ ಬರೋದು ಗೊತ್ತೈತ್ರಿ. ಅವ್ವ ಯಾಕ ಬರ್ತಾಳ್ರಿ ಇಲ್ಲಿಗೆ?” ಎಂದ.

ಮೊಣಕಾಲು ಎನ್ನಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಆಕೆ ಬಾಗಿಲಿಗೆ ಬಂದು, “ನಿಮ್ಮಪ್ಪನ್ನ ನೋಡಾಕ ಬರ್ತಾರ. ಅವರು ಗಂಡ ಹೆಂಡತಿ ಅದಾರ. ಒಂದೇ ಹಾಸಿಗ್ಯಾಗ ಮಲಗಬೇಕು ಅಂತ ಇಬ್ಬರಿಗೂ ಆಸೆ ಐತಿ. ಅದಕ ನಿಮ್ಮನಿಯೊಳಗ ಜಾಗಿಲ್ಲ” ಎಂದುಬಿಟ್ಟರು.

ನನ್ನ ಬೆಂಚಿನ ಮೇಲೆ ಜನ ಇದ್ದರು. ಮಗನ ಮುಖ ಕಪ್ಪಿಟ್ಟಿತು. ಸಿಟ್ಟು ಬಂದಾಗ ಇಲ್ಲಿಯವರಿಗೆ ತೆಲುಗು ಬರುತ್ತದೆ. “ಈ ವಯಸುಲ ಇದೇಂದಿ!” ಎಂದು ಕೂಗಿದ. ಆಮೇಲೆ ಕನ್ನಡಕ್ಕೆ ಬಂದು, “ಮೊಮ್ಮಕ್ಕಳು ಲಗ್ನಕ ಬಂದಾವ. ಬಜಾರಿನ್ಯಾಗ ನಮ್ಮದೊಂದು ಇಜ್ಜತ್ ಐತಿ. ನೀವು ಮಾಡೋ ದಂಧೆ ಇದೇನು?” ಎಂದ. ಆಕೆ ಅಲುಗಲಿಲ್ಲ. ಅವನು ದಡದಡ ಮೆಟ್ಟಿಲಿಳಿದು ಹೋದ.

ಮುಂದಿನ ಗುರುವಾರ ಯಾರೂ ಬರಲಿಲ್ಲ. ಊರಿನಲ್ಲಿ ಮಾತು ಹಬ್ಬಿತು: ಗೊಬ್ಬರದಂಗಡಿಯ ಮೇಲೆ ಮುದುಕರಿಗೆ ಖೋಲಿ ಕೊಡುತ್ತಾರಂತೆ. ಬರುತ್ತಿದ್ದ ಹೆಣ್ಣುಮಕ್ಕಳು ಬರುವುದನ್ನು ನಿಲ್ಲಿಸಿದರು. ನನ್ನ ಕಡೆಗೂ ಜನ ಕಡಿಮೆಯಾದರು. ನಾನು ಅಂದು ಆಕೆಯೊಂದಿಗೆ ಆಡಿದಷ್ಟು ಜಗಳ ಯಾರೊಂದಿಗೂ ಆಡಿಲ್ಲ.

“ಮೊಣಕಾಲು ಅಂದಿದ್ರ ಏನಾಗತಿತ್ರಿ ನಿಮಗ?”

“ಈ ಮಂದಿ ಜನ್ಮೆಲ್ಲಾ ಮೊಣಕಾಲು ಅಂತನ ಹೇಳಿಕೋತ ಬಂದಾರ. ನಾನೂ ಅದನ್ನ ಹೇಳಾಕ ಬಂದೀನೇನು?”

“ಅದು ನಿಮ್ಮ ಗುಟ್ಟಲ್ಲ. ಅವರದು. ಆ ಮುದುಕಿನ್ನ ಕೇಳಿದ್ರೇನು, ಮಗನ ಮುಂದ ಹೇಳ್ಲೇನಂತ? ಮುಟ್ಟಾಕ ಮೊದಲು ಕೇಳ್ತೀರಿ. ಹೇಳಾಕ ಮೊದಲು ಯಾಕ ಕೇಳಲಿಲ್ಲ?”

ಮರುದಿನ ಬೆಳಿಗ್ಗೆ ಆಕೆ ಬಸ್ಸು ಹತ್ತಿ ನಾರಾಯಣಪೇಟಕ್ಕೆ ಹೋದರು. ಕಿರಿಯ ಮಗನ ಮನೆ ಹುಡುಕಿ, ಮುದುಕಿಯ ಮುಂದೆ ಕೂತು, ನಿಮ್ಮನ್ನು ಕೇಳದೆ ಹೇಳಿದ್ದು ನನ್ನ ತಪ್ಪು ಎಂದರಂತೆ. ಸಂಜೆ ಬಂದು ನನಗೆ ವರದಿ ಒಪ್ಪಿಸಿದರು. “ಆಕಿ ಏನಂದ್ಲು ಗೊತ್ತೇನು? ‘ನೀವು ಹೇಳಬಾರದಿತ್ತು. ನಾನು ಹೇಳಬೇಕಿತ್ತು. ಬಾಯಾಗ ಬರ್ತಿತ್ರಿ, ನುಂಗ್ತಿದ್ದೆ’ ಅಂದ್ಲು.”

ಆ ಮುದುಕಿ ಆಮೇಲೆ ಹೇಳಿದಳು. ಕಿರಿಯ ಮಗ, ಸೊಸೆ ಊಟಕ್ಕೆ ಕೂತಾಗ, ನನ್ನನ್ನು ನನ್ನ ಗಂಡನ ಹತ್ತಿರ ಬಿಟ್ಟು ಬರ್ರಿ ಎಂದಳು. ಮಕ್ಕಳ ಪರೀಕ್ಷೆ ಮುಗಿಯಲಿ ಎಂದರು. ಮುಗಿಯಿತು. ಯುಗಾದಿ ಆಗಲಿ ಎಂದರು. ಆಯಿತು. ಬಿಸಿಲು ಇಳಿಯಲಿ ಎಂದರು. ಒಂದು ದಿನ ಮುದುಕಿ ತನ್ನ ಸೀರೆ ಎರಡನ್ನು ಚೀಲಕ್ಕೆ ಹಾಕಿಕೊಂಡು, ಮಕ್ತಲ್‌ನಲ್ಲಿ ಬಸ್ಸು ಬದಲಿಸಿ, ಕೃಷ್ಣೆಯ ಆಚೆಗೆ ಗದ್ವಾಲಕ್ಕೆ ಹೋಗಿ ಅಂಗಡಿಯ ಮುಂದೆ ಇಳಿದಳು. ಗಿರಾಕಿಗಳು ಕೂತಿದ್ದರು. ಹಿರಿಯ ಮಗ ಎದ್ದು ನಿಂತ. ಅವಳು ಅವನನ್ನು ದಾಟಿ ಹಿಂದಿನ ಕೋಣೆಗೆ ಹೋಗಿ ಸೀರೆ ಗಂಟುಗಳನ್ನು ಒಂದು ಬದಿಗೆ ಸರಿಸಿ ಕೂತಳು. ಮಗ ಬಾಯಿ ಬಿಡಲಿಲ್ಲ. ಗಿರಾಕಿಗಳ ಮುಂದೆ ಅವ್ವನನ್ನು ಹೊರಗೆ ಹಾಕುವುದು ಇನ್ನೂ ದೊಡ್ಡ ಬೇಇಜ್ಜತಿ. ಹಾಗೆ ಅದು ಇತ್ಯರ್ಥವಾಯಿತು.

ಆ ಸುದ್ದಿ ಬರುವ ಹೊತ್ತಿಗೆ ಆಕೆ ರಾಯಚೂರಿನ ಆಸ್ಪತ್ರೆಯಲ್ಲಿದ್ದರು. ಹೊಟ್ಟೆಯಲ್ಲಿ ಗಡ್ಡೆ. ಬಹಳ ದಿನದಿಂದ ಇತ್ತಂತೆ. ಎಲ್ಲರ ಹೊಟ್ಟೆಯ ಏರಿಳಿತ ನೋಡುತ್ತಿದ್ದವರು ತಮ್ಮದನ್ನು ತೋರಿಸಿರಲಿಲ್ಲ. ಇದಕ್ಕೂ ನನಗೆ ಸಿಟ್ಟಿದೆ. ನೋಡಲು ಹೋದಾಗ ಅಲಂಪುರದಿಂದ ಬಂದ ಅಣ್ಣ ಮಂಚದಿಂದ ದೂರ, ಕಿಟಕಿಯ ಹತ್ತಿರ ನಿಂತಿದ್ದರು. ಮೂಸಂಬಿ ತಂದಿದ್ದರು, ಸ್ಪೆಷಲ್ ವಾರ್ಡಿಗೆ ಏರ್ಪಾಟು ಮಾಡಿದ್ದರು, ಆದರೆ ತಂಗಿಯ ಹಣೆ ಮುಟ್ಟಿ ನೋಡಿರಲಿಲ್ಲ. ನರ್ಸ್ ಗ್ಲೌಸ್ ಹಾಕಿಕೊಂಡು ಬಂದು ಹೋಗುತ್ತಿದ್ದಳು. ನಾನು ಸ್ಟೂಲ್ ಎಳೆದುಕೊಂಡು ಕೂತು, ಅಣ್ಣ ನೋಡುತ್ತಿದ್ದಂತೆಯೇ ಆಕೆಯ ಪಾದ ಹಿಡಿದುಕೊಂಡೆ. ತಣ್ಣಗಿತ್ತು. “ಗಟ್ಟಿ ಹಿಡೀರಿ. ನೀವು ಎಲುಬಿನವರು, ಮೆತ್ತಗ ಹಿಡಿಯಾಕ ಹೋಗಬ್ಯಾಡ್ರಿ” ಎಂದು ಕಣ್ಣು ಮುಚ್ಚಿದರು. ಮುದುಕಿ ಗದ್ವಾಲಕ್ಕೆ ಹೋದ ಸುದ್ದಿ ಹೇಳಿದೆ. ಕಣ್ಣು ತೆರೆಯದೆ ನಕ್ಕರು. “ಕೈ?” ಎಂದರು. ಗೊತ್ತಿಲ್ಲ ಎಂದೆ. “ಕೇಳಿ ಬರಬೇಕಿತ್ತು” ಎಂದು ಗದರಿದರು. ಅದೇ ಕೊನೆ.

ಸಭೆ ಮುಗಿದ ಮುಂದಿನ ವಾರ ಗದ್ವಾಲದ ಆ ಹಿರಿಯ ಮಗ ಮತ್ತೆ ಬಂದ. ಮಧ್ಯಾಹ್ನ, ರೋಗಿಗಳಿಲ್ಲದ ಹೊತ್ತು. ಇನ್ನೇನು ಜಗಳವೋ ಎಂದು ನಾನು ಎದ್ದು ನಿಂತೆ. ಅವನು ಪಕ್ಕದ ಕೋಣೆಯ ಬೀಗ ನೋಡಿದ. ಆಕೆ ಹೋದದ್ದು ಅವನಿಗೆ ಗೊತ್ತಿರಲಿಲ್ಲ. ಹೇಳಿದೆ. ಬೆಂಚಿನ ಮೇಲೆ ಕುಸಿದು ಕೂತು ಅಂಗೈಯಿಂದ ಮುಖ ಒರೆಸಿಕೊಂಡ.

“ನಮ್ಮಪ್ಪ ಈಗ ಹಾಡ್ತಾನ್ರಿ” ಎಂದ. “ಅಂಗಡಿ ಹಿಂದ ಇಬ್ಬರೂ ಮುಂಜಾನೆ ಎದ್ದು ಗುಜುಗುಜು ಮಾತಾಡ್ತಾರ. ನಾನೂ ನನ್ನ ಹೆಂಡತಿನೂ ಮ್ಯಾಲಿನ ಮನ್ಯಾಗ ಮಲಗಿ ಕೇಳತೀವ್ರಿ. ನಾವಿಬ್ಬರೂ...” ಅಲ್ಲಿಗೆ ನಿಲ್ಲಿಸಿದ. ತೆಲುಗಿನಲ್ಲಿ ಏನೋ ಶುರು ಮಾಡಿ ಅದನ್ನೂ ಬಿಟ್ಟ. “ಬಹಳ ವರ್ಷ ಆತ್ರಿ. ಜಗಳಿಲ್ಲ, ಏನಿಲ್ಲ. ಆಕಿ ಒಂದು ಗ್ವಾಡಿ ಕಡೆ, ನಾನೊಂದು ಗ್ವಾಡಿ ಕಡೆ. ಮೇಡಂನ ಕೇಳೂಣಂತ ಬಂದೆ. ಅವತ್ತು ಅಂದ ಮಾತಿಗೆ ಕಾಲು ಬೀಳೂಣಂತನೂ ಬಂದೆ.”

ಹೈದರಾಬಾದಿನಲ್ಲಿ ಈ ಚಿಕಿತ್ಸೆ ಕೊಡುವವರು ಇದ್ದಾರು, ವಿಚಾರಿಸಿ ಹೇಳುತ್ತೇನೆ ಎಂದೆ.

“ಅಲ್ಲಿ ಹೋಗಿ ಇಂಗ್ಲಿಷಿನ್ಯಾಗ ಹೇಳಲ್ಯಾ? ನನ್ನ ಹೆಂಡತಿ ಬರ್ತಾಳೇನ್ರಿ ಅಲ್ಲಿತನ?”

“ನಾನು ಬರೀ ಎಲುಬು, ನರ ನೋಡಾಂವ. ನನಗ ಇದು ಬರಂಗಿಲ್ಲ.”

ಅವನು ತಲೆಯೆತ್ತಿ ನನ್ನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. “ಇಷ್ಟು ವರ್ಷ ನಿಮ್ಮ ಬಾಜೂ ಖೋಲ್ಯಾಗ ಇದ್ರಲ್ರಿ ಅವರು. ನಿಮಗೇನೂ ಕೇಳಿಸ್ಲಿಲ್ಲೇನು?”

ನಾನು ಎದ್ದು ಹೋಗಿ ಮೆಟ್ಟಿಲ ಕಡೆಯ ಬಾಗಿಲು ಹಾಕಿ ಬಂದು ಅವನ ಎದುರಿಗೆ ಕೂತೆ. ಅವನು ಮಾತಾಡಿದ, ನಾನು ಕೇಳಿಸಿಕೊಂಡೆ. ಆಮೇಲೆ ಮತ್ತೆ ಬಂದ, ಹೆಂಡತಿಯನ್ನೂ ಕರೆತಂದ. ಇಬ್ಬರೂ ಬೆಂಚಿನ ಎರಡು ತುದಿಗೆ ಕೂಡುತ್ತಾರೆ, ನನ್ನ ಬಾಯಿ ನೋಡುತ್ತಾರೆ. ಅವರಿಗೆ ಏನು ಹೇಳಬೇಕೋ ನನಗೆ ಇನ್ನೂ ಗೊತ್ತಾಗಿಲ್ಲ.